ಎಡ್ಮಂಟನ್ ಚಳಿಗೆ ಯಾವ ಗುಲಾಬಿ ತಡೆಯುತ್ತದೆ?

ಪ್ರಶ್ನೆ: ಸರ್, ನಾನು ಬೀದರ್‌ನ ನೌಬಾದ್ ಕಡೆ ಇರುವ ನಿವೃತ್ತ ಶಿಕ್ಷಕಿ. ನಮ್ಮ ಅಂಗಳದ ಪನ್ನೀರ್ ಗುಲಾಬಿ ಕಾಂಪೌಂಡ್ ದಾಟಿ ಬೆಳೆದಿದೆ, ವರ್ಷವಿಡೀ ಹೂ ಬಿಡುತ್ತದೆ. ಮಗಳು ಕೆನಡಾದ ಎಡ್ಮಂಟನ್‌ನಲ್ಲಿದ್ದಾಳೆ. ಹೋದ ವರ್ಷಕ್ಕಿಂತ ಹಿಂದಿನ ಬೇಸಿಗೆಯಲ್ಲಿ ಅಂಗಡಿಯಿಂದ ದೊಡ್ಡ ಹೂವಿನ ಗುಲಾಬಿ ತಂದು ಹಚ್ಚಿದಳು. ಚೆನ್ನಾಗಿ ಹೂ ಬಿಟ್ಟಿತು. ನಾನು ಇಲ್ಲಿ ಮಾಡುವ ಹಾಗೆ ಸೆಪ್ಟೆಂಬರ್ ಕೊನೆಗೆ ಚಾಟ್ನಿ ಮಾಡಿ, ಅಂದರೆ ಟೊಂಗೆ ಕತ್ತರಿಸಿ, ಗೊಬ್ಬರ ಹಾಕು ಎಂದೆ, ಹಾಕಿದಳು. ಚಳಿಗಾಲ ಕಳೆದ ಮೇಲೆ ನೋಡಿದರೆ ಗಿಡ ಕಪ್ಪಾಗಿತ್ತು. ಆಮೇಲೆ ಬುಡದಿಂದ ಟೊಂಗೆಗಳು ಬಂದು ಆಳೆತ್ತರ ಬೆಳೆದವು, ಒಂದೂ ಹೂವಿಲ್ಲ. ಗಿಡ 'ಗಂಡು' ಆಗಿದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಚಳಿಗೆ ಮುಂಚೆ ಕೋಳಿ ಗೊಬ್ಬರ ಹಾಕಿದರೆ ಬೇರಿಗೆ ಕಾವು ಸಿಗುತ್ತದೆ, ಗಿಡದ ಮೇಲೆ ಬಿದ್ದ ಹಿಮ ಕೊಡವಬೇಕು ಅಂತ ಅಲ್ಲಿನ ನಮ್ಮ ಕಡೆಯವರೊಬ್ಬರು ಹೇಳಿದ್ದಾರೆ. ಬರುವ ಮೇ ತಿಂಗಳಲ್ಲಿ ಮಗಳ ಹತ್ತಿರ ಹೋಗುತ್ತಿದ್ದೇನೆ, ಅಕ್ಟೋಬರ್‌ಗೆ ವಾಪಸ್. ನಮ್ಮ ಗಿಡದ ಕಡ್ಡಿ ಒಯ್ದು ಅಲ್ಲಿ ಹಚ್ಚಬಹುದಾ? ಇಲ್ಲದಿದ್ದರೆ ಏನು ಮಾಡಬೇಕು?

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತವೆ. ಗಿಡ ಯಾಕೆ ಹೀಗಾಯಿತು ಅನ್ನುವುದು ಒಂದು. ನಾನು ಹೇಳಿದ್ದರಿಂದಲೇ ಹೀಗಾಯಿತಾ ಅನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಬಿಡಿ. ನೀವು ಹೇಳಿದ್ದು ಬೀದರ್‌ಗೆ ಸರಿಯಾದ ಮಾತು. ಎಡ್ಮಂಟನ್‌ನಲ್ಲಿ ಅದೇ ಕೆಲಸ ತಿರುವುಮುರುವು ಆಗುತ್ತದೆ. ಈಗ ನಾನು ಕಲಬುರಗಿಯಲ್ಲಿ ನರ್ಸರಿ ನಡೆಸುತ್ತೇನೆ. ಅದಕ್ಕೆ ಮುಂಚೆ ಕೆಲವು ವರ್ಷ ನಿಮ್ಮ ಮಗಳು ಇರುವ ಅಲ್ಬರ್ಟಾ ಪ್ರಾಂತ್ಯದಲ್ಲೇ ಗಿಡಗಳ ಕೆಲಸ ಮಾಡಿದ್ದೆ. ನಮ್ಮ ಕಡೆಯಿಂದ ಹೋದವರ ಮನೆಗಳಲ್ಲಿ ಇದೇ ಕಥೆಯನ್ನು ಬಹಳ ಸಲ ನೋಡಿದ್ದೇನೆ.

ಮೊದಲು ಆ 'ಗಂಡು' ಮಾತು. ಪಪ್ಪಾಯಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ನಿಜ. ತೋಟದ ಗುಲಾಬಿಯಲ್ಲಿ ಒಂದೇ ಹೂವಿನೊಳಗೆ ಗಂಡು ಭಾಗವೂ ಹೆಣ್ಣು ಭಾಗವೂ ಇರುತ್ತವೆ. ಅದು ಗಂಡು ಗಿಡ ಆಗುವ ಪ್ರಶ್ನೆಯೇ ಇಲ್ಲ. ನಡೆದಿರುವುದು ಬೇರೆ. ಅಂಗಡಿಯ ದೊಡ್ಡ ಹೂವಿನ ಗುಲಾಬಿ ಸಾಮಾನ್ಯವಾಗಿ ಎರಡು ಗಿಡ ಸೇರಿಸಿ ಮಾಡಿದ್ದು. ಕೆಳಗೆ ಗಟ್ಟಿ ಬೇರಿನ ಒಂದು ಕಾಡು ಜಾತಿ, ಅದರ ಮೇಲೆ ಚೆಂದದ ಹೂವಿನ ಜಾತಿಯ ಒಂದು ಕಣ್ಣು (ಚಿಗುರೊಡೆಯುವ ಮೊಗ್ಗು) ಕಸಿ. ಚಳಿಗೆ ಮೇಲಿನ ಕಸಿ ಸತ್ತಿದೆ. ಮಣ್ಣಿನೊಳಗಿದ್ದ ಬುಡದ ಗಿಡ ಉಳಿದು ಮೇಲೆದ್ದಿದೆ.

ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿ. ಎಲೆಯ ತೊಟ್ಟು ಟೊಂಗೆಗೆ ಅಂಟುವ ಜಾಗದಲ್ಲಿ ಸಣ್ಣ ರೆಕ್ಕೆಯಂಥದ್ದು ಇದೆಯಲ್ಲ, ಅದರ ಅಂಚು ಜಾಲರಿ ಕಟ್ಟಿದ ಹಾಗೆ ಎಳೆ ಎಳೆಯಾಗಿದೆ. ಅದು ಮಲ್ಟಿಫ್ಲೋರಾ ಜಾತಿಯ ಗುರುತು. ಜಪಾನ್, ಕೊರಿಯಾ ಕಡೆಯ ಕಾಡು ಗುಲಾಬಿ ಅದು. ಕಸಿಗೆ ಬುಡವಾಗಿ ನಮ್ಮಲ್ಲೂ ಬಳಸುತ್ತಾರೆ, ಅಲ್ಲೂ ಬಳಸುತ್ತಾರೆ. ಒಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದು ಇದ್ದರೆ ನಾಡು ಅಂತ ಜನ ಎಣಿಸುತ್ತಾರೆ, ಅದನ್ನು ನಂಬಬೇಡಿ. ಒಳ್ಳೇ ಜಾತಿಗಳಲ್ಲೂ ಏಳು, ಒಂಬತ್ತು ಎಲೆ ಇರುತ್ತವೆ. ಟೊಂಗೆ ಎಲ್ಲಿಂದ ಹುಟ್ಟಿದೆ ಅಂತ ಮಣ್ಣು ಸರಿಸಿ ನೋಡಿ. ಕಸಿಯ ಗಂಟಿಗಿಂತ ಕೆಳಗಿನಿಂದ ಬಂದಿದ್ದರೆ ಅದು ಬುಡದ ಗಿಡವೇ.

ಅದು ಅಷ್ಟು ಜೋರಾಗಿ ಬೆಳೆದೂ ಹೂ ಯಾಕಿಲ್ಲ? ಮಲ್ಟಿಫ್ಲೋರಾ ಹೂ ಬಿಡುವುದು ಹಿಂದಿನ ವರ್ಷ ಬಲಿತ ಟೊಂಗೆಯಲ್ಲಿ. ಎಡ್ಮಂಟನ್ ಚಳಿಯಲ್ಲಿ ಆ ಟೊಂಗೆ ಪ್ರತಿ ವರ್ಷ ಸಾಯುತ್ತದೆ. ವಸಂತದಲ್ಲಿ ಮತ್ತೆ ಬುಡದಿಂದ ಹೊಸ ಟೊಂಗೆ ಬರುತ್ತದೆ, ಅದು ಹೂವಿನ ವಯಸ್ಸಿಗೆ ಬರುವುದರೊಳಗೆ ಮತ್ತೆ ಚಳಿಗಾಲ. ಎಷ್ಟು ವರ್ಷ ಕಾದರೂ ಇದೇ ಹಾಡು. ಆ ಗಿಡಕ್ಕೆ ಗೊಬ್ಬರ ಸುರಿಯುವುದು ಸುಮ್ನೆ ದುಡ್ಡು ದಂಡ. ಈ ಸಲ ಹೋದಾಗ ಅದನ್ನು ಬೇರು ಸಮೇತ ಕಿತ್ತು ತೆಗೆಸಿ. ಬೇರಿನ ತುಂಡು ಉಳಿದರೆ ಮತ್ತೆ ಚಿಗುರುತ್ತದೆ, ಆದ್ದರಿಂದ ಆಳಕ್ಕೆ ಅಗೆಯಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಗುಲಾಬಿಯ ವೈರಿ ಮೇ ತಿಂಗಳ ಬಿಸಿಲು. ಬೀದರ್ ಎತ್ತರದಲ್ಲಿದೆ, ಚಳಿಗಾಲದ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ನಾವು ಕೌದಿ ಹೊದ್ದು ಮಲಗುತ್ತೇವೆ, ಗುಲಾಬಿಗೆ ಮಾತ್ರ ಅದು ಹಬ್ಬ. ನವೆಂಬರ್‌ನಿಂದ ಫೆಬ್ರುವರಿವರೆಗೆ ಬರುವ ಹೂವಿನ ಗಾತ್ರ, ಬಣ್ಣ, ವಾಸನೆ ಬೇರೆ ಕಾಲದಲ್ಲಿ ಬರುವುದಿಲ್ಲ. ಅದಕ್ಕೇ ಮಳೆ ಮುಗಿಯುತ್ತಲೇ ಚಾಟ್ನಿ ಮಾಡಿ, ಗೊಬ್ಬರ ಕೊಟ್ಟು, ಚಿಗುರು ಎಬ್ಬಿಸುತ್ತೇವೆ.

ಎಡ್ಮಂಟನ್‌ನಲ್ಲಿ ಸೆಪ್ಟೆಂಬರ್‌ನಲ್ಲೇ ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯಲು ಶುರುವಾಗುತ್ತದೆ. ಜನವರಿಯಲ್ಲಿ ಮೈನಸ್ 15 ಮಾಮೂಲಿ, ಕೆಲವು ರಾತ್ರಿ ಮೈನಸ್ 30 ದಾಟುತ್ತದೆ. ಅಲ್ಲಿ ಗಿಡ ಬದುಕಬೇಕಾದರೆ ಚಳಿಗೆ ಮುಂಚೆ ನಿದ್ದೆಗೆ ಜಾರಬೇಕು. ಆ ನಿದ್ದೆಯ ತಯಾರಿ ಆಗಸ್ಟ್‌ನಲ್ಲೇ ಶುರು. ಜೂನ್‌ನಲ್ಲಿ ಅಲ್ಲಿ ಹಗಲು ಸುಮಾರು 17 ತಾಸು, ಡಿಸೆಂಬರ್‌ನಲ್ಲಿ ಏಳೂವರೆ ತಾಸು. ನಮ್ಮಲ್ಲಿ ಆ ಅಂತರ ಎರಡು ತಾಸಿನಷ್ಟು ಮಾತ್ರ. ಹಗಲು ಕುಗ್ಗುವುದು, ರಾತ್ರಿ ತಣ್ಣಗಾಗುವುದು, ಇವೆರಡೂ ಗಿಡಕ್ಕೆ ಸುಳಿವು ಕೊಡುತ್ತವೆ. ಅದು ಚಿಗುರುವುದನ್ನು ನಿಲ್ಲಿಸುತ್ತದೆ. ಹಸಿರು ಟೊಂಗೆ ಬಲಿತು ಕಟ್ಟಿಗೆಯಾಗುತ್ತದೆ. ಜೀವಕೋಶದೊಳಗೆ ಸಕ್ಕರೆ ಅಂಶ ಜಾಸ್ತಿಯಾಗುತ್ತದೆ. ಮಂಜುಗಡ್ಡೆ ಕಟ್ಟುವಾಗ ನೀರು ಕೋಶದಿಂದ ಹೊರಬಂದು ಕೋಶಗಳ ನಡುವಿನ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಅಲ್ಲಿ ಗಟ್ಟಿಯಾದರೆ ಗಿಡ ಬದುಕುತ್ತದೆ, ಕೋಶದೊಳಗೇ ಗಟ್ಟಿಯಾದರೆ ಕೋಶ ಹರಿದು ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಕತ್ತರಿಸಿ ಗೊಬ್ಬರ ಕೊಟ್ಟಾಗ ಮಲಗಲು ಹೊರಟ ಗಿಡ ಎದ್ದು ಕೂತು ಎಳೆ ಚಿಗುರು ಬಿಟ್ಟಿತು. ಆ ನೀರು ತುಂಬಿದ ಚಿಗುರಿನ ಮೇಲೆ ಚಳಿ ಬಿತ್ತು. ಅಂಗಡಿಯ ಆ ಜಾತಿ ಅಲ್ಲಿನ ಚಳಿಗೆ ಮೊದಲೇ ಅಷ್ಟಕ್ಕಷ್ಟೆ. ಗೊಬ್ಬರ ಕೊಡದಿದ್ದರೂ ಮುಚ್ಚಿಗೆ ಇಲ್ಲದೆ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ.

ಹಾಗಾಗಿ ಅಲ್ಲಿನ ಲೆಕ್ಕ ಹೀಗೆ. ಸಾರಜನಕದ ಗೊಬ್ಬರ ಜುಲೈ ಮಧ್ಯದ ನಂತರ ಪೂರ್ತಿ ಬಂದ್. ಆಗಸ್ಟ್ ಮಧ್ಯದಿಂದ ಬಾಡಿದ ಹೂ ಕೀಳುವುದೂ ಬೇಡ, ಕಾಯಿ ಕಟ್ಟಲು ಬಿಡಿ. ಕಾಯಿ ಕಟ್ಟಿದ ಗಿಡ ಹೊಸ ಚಿಗುರಿನ ಗೋಜಿಗೆ ಹೋಗುವುದು ಕಡಿಮೆ. ಕತ್ತರಿಗೆ ಮೇ ತಿಂಗಳವರೆಗೆ ಕೆಲಸ ಇಲ್ಲ. ನೆಲ ಗಟ್ಟಿಯಾಗುವ ಮುಂಚೆ, ಅಂದರೆ ಅಕ್ಟೋಬರ್‌ನಲ್ಲಿ, ಒಂದು ಸಲ ಬುಡಕ್ಕೆ ತುಂಬಾ ನೀರು ಉಣಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಚಳಿಗಾಲದ ಒಣ ಗಾಳಿ, ಬಿಸಿಲು ಎರಡೂ ಟೊಂಗೆಯ ನೀರನ್ನು ಹೀರುತ್ತವೆ. ನೆಲ ಕಲ್ಲಾಗಿರುವಾಗ ಬೇರು ನೀರು ಕೊಡಲಾರದು. ಚಳಿಗೆ ಸತ್ತವು ಅಂದುಕೊಳ್ಳುವ ಎಷ್ಟೋ ಟೊಂಗೆ ನಿಜವಾಗಿ ಒಣಗಿ ಸತ್ತಿರುತ್ತವೆ.

ನಿಮ್ಮ ಊರಿನ ಗಿಡಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ. ಹೋಗುವ ಮುಂಚೆ ಬುಡಕ್ಕೆ ಒಣ ಎಲೆ, ತೊಗರಿ ಹೊಟ್ಟು ದಪ್ಪಗೆ ಹರಡಿ. ಸಂಜೆ ನೀರು ಹಾಕಲು ಯಾರಿಗಾದರೂ ಹೇಳಿ ಹೋಗಿ. ಅಕ್ಟೋಬರ್‌ನಲ್ಲಿ ಬಂದು ನೀವೇ ಚಾಟ್ನಿ ಮಾಡಿ, ತಡವೇನೂ ಆಗುವುದಿಲ್ಲ.

ಕೋಳಿ ಗೊಬ್ಬರದ ಕಾವಿನ ವಿಷಯ. ಹಸಿ ಕೋಳಿ ಗೊಬ್ಬರದಲ್ಲಿ ಸಾರಜನಕ ಜೋರು, ಬೇರು ಸುಡುತ್ತದೆ. ಚಳಿಗೆ ಮುಂಚೆ ಕೊಟ್ಟರೆ ಸೆಪ್ಟೆಂಬರ್ ಗೊಬ್ಬರದ ಕಥೆಯೇ ಮತ್ತೊಮ್ಮೆ. ಬುಡದ ಸುತ್ತ ಹರಡಿದ ಒಂದೆರಡು ಬುಟ್ಟಿ ಗೊಬ್ಬರ ಆ ಚಳಿಯಲ್ಲಿ ಒಂದು ರಾತ್ರಿಯೂ ಕಾವು ಕೊಡುವುದಿಲ್ಲ.

ಹಿಮ ಕೊಡವುವುದು ಅದಕ್ಕಿಂತ ದೊಡ್ಡ ತಪ್ಪು. ಹಿಮ ಗಿಡಕ್ಕೆ ಹೊದಿಸಿದ ಕೌದಿ ಇದ್ದಂತೆ. ಅದರೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಆ ಗಾಳಿ ನೆಲದ ಕಾವು ಹೊರಹೋಗದಂತೆ ತಡೆಯುತ್ತದೆ. ಮೇಲೆ ಮೈನಸ್ 30 ಇದ್ದರೂ ಒಂದು ಅಡಿಗಿಂತ ಜಾಸ್ತಿ ಹಿಮದಡಿಯ ನೆಲ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ಗುಲಾಬಿ ಹಚ್ಚುವಾಗಲೇ ಹಿಮ ಹೆಚ್ಚು ಕೂಡುವ ಜಾಗ ನೋಡಿ ಹಚ್ಚಬೇಕು. ಬೇರೆ ಕಡೆಯ ಹಿಮವನ್ನೂ ಎತ್ತಿ ಅದರ ಮೇಲೆ ಹಾಕಬಹುದು. ಆದರೆ ಕಾರು ನಿಲ್ಲಿಸುವ ದಾರಿಗೆ ಜಾರದಿರಲಿ ಅಂತ ಉಪ್ಪು ಹಾಕಿದ್ದರೆ ಅಲ್ಲಿನ ಹಿಮ ಮಾತ್ರ ಬೇಡ. ಕರಗುವಾಗ ಉಪ್ಪು ಬೇರಿಗೆ ಇಳಿಯುತ್ತದೆ.

ಇನ್ನು ಕಡ್ಡಿ ಒಯ್ಯುವ ಮಾತು. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಆಮದು ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಗುಲಾಬಿ ಕಡ್ಡಿ ಕೆನಡಾಕ್ಕೆ ಒಯ್ಯುವ ಹಾಗಿಲ್ಲ. ಮಣ್ಣಂತೂ ಬೇಡವೇ ಬೇಡ. ಕಡ್ಡಿಯ ಜೊತೆ ಹೋಗುವ ಒಂದು ರೋಗ ಅಲ್ಲಿನ ತೋಟಗಳಿಗೆ ತಗುಲಬಹುದು, ನಿಯಮ ಇರುವುದು ಅದಕ್ಕೆ. ಅಂಥ ಅಡಚಣೆ ಇಲ್ಲದಿದ್ದರೂ ನಿಮ್ಮ ಗಿಡ ಅಲ್ಲಿ ಬದುಕುವುದಿಲ್ಲ.

ಕಾರಣ ಅದರ ವಂಶದಲ್ಲಿದೆ. ನೀವು ಕಳಿಸಿದ ಹೂವಿನ ಫೋಟೊ ನೋಡಿದರೆ ಅದು ನಮ್ಮ ಕಡೆ ಪನ್ನೀರ್ ಗುಲಾಬಿ ಅಂತ ಎಲ್ಲೆಡೆ ಬೆಳೆಸುವ ಎಡ್ವರ್ಡ್ ಜಾತಿ. ಈಗ ರಿಯೂನಿಯನ್ ಅನ್ನುವ, ಆಗ ಬೂರ್ಬೋನ್ ಎನ್ನುತ್ತಿದ್ದ ಹಿಂದೂ ಮಹಾಸಾಗರದ ದ್ವೀಪದಿಂದ ಬಂದ ಗುಲಾಬಿ. ಅದರಲ್ಲಿ ಚೀನಾ ಗುಲಾಬಿಯ ರಕ್ತ ಇದೆ. ಯುರೋಪಿನ ಹಳೆಯ ಗುಲಾಬಿಗಳು ಬಹುಪಾಲು ವರ್ಷಕ್ಕೊಮ್ಮೆ ಹೂ ಬಿಟ್ಟು, ಚಳಿಗೆ ಗಡದ್ದಾಗಿ ಮಲಗುತ್ತಿದ್ದವು. 18ನೇ ಶತಮಾನದ ಕೊನೆಗೆ ಚೀನಾದ ಜಾತಿಗಳು ಅಲ್ಲಿಗೆ ಹೋದವು. ಮತ್ತೆ ಮತ್ತೆ ಹೂ ಬಿಡುವ ಗುಣ ಅವುಗಳದ್ದು. 1867ರ 'ಲಾ ಫ್ರಾನ್ಸ್'ನಿಂದ ಶುರುವಾದ ಹೈಬ್ರಿಡ್ ಟೀ ಗುಲಾಬಿಗಳಲ್ಲೂ, ಅಂದರೆ ನಿಮ್ಮ ಮಗಳು ತಂದಂಥ ದೊಡ್ಡ ಹೂವಿನ ಜಾತಿಗಳಲ್ಲೂ, ಅದೇ ರಕ್ತ. ಸದಾ ಹೂ ಬಿಡುವ ಗಿಡ ಸರಿಯಾಗಿ ಮಲಗುವುದಿಲ್ಲ. ನೌಬಾದ್‌ನ ಅಂಗಳದಲ್ಲಿ ನಿಮಗೆ ವರ್ಷವಿಡೀ ಹೂ ಕೊಡುವ ಗುಣವೇ ಅಲ್ಲಿ ಅದರ ಪ್ರಾಣ ತೆಗೆಯುತ್ತದೆ.

ಹಾಗಾದರೆ ಏನು ಹಚ್ಚಬೇಕು? ಅಲ್ಬರ್ಟಾದ ಪ್ರಾಂತ್ಯದ ಹೂವೇ ಕಾಡು ಗುಲಾಬಿ, ಗೊತ್ತಾ? ಚಳಿಯಲ್ಲಿ ಗುಲಾಬಿ ಬೆಳೆಯುವುದಿಲ್ಲ ಅನ್ನುವವರಿಗೆ ಇದೊಂದೇ ಉತ್ತರ ಸಾಕು. ಎಡ್ಮಂಟನ್‌ನ ವಾಯವ್ಯಕ್ಕೆ ಜಮೀನು ಮಾಡಿಕೊಂಡಿದ್ದ, ಫ್ರಾನ್ಸ್‌ನಿಂದ ಬಂದ ಜಾರ್ಜ್ ಬ್ಯೂನ್ಯೆ ಎಂಬವರು ಅಲ್ಲಿನ ಕಾಡು ಗುಲಾಬಿಯನ್ನೂ ರುಗೋಸಾ ಜಾತಿಯನ್ನೂ ಬಳಸಿ ತಳಿ ಬೆಳೆಸಿದರು. ಅವರ 'ತೆರೇಸ್ ಬ್ಯೂನ್ಯೆ' 1950ರಲ್ಲಿ ಮಾರುಕಟ್ಟೆಗೆ ಬಂತು. ನಿಮಗೆ ನನ್ನ ಮೊದಲ ಆಯ್ಕೆ ಅದೇ. ಆಳೆತ್ತರ ಬೆಳೆಯುತ್ತದೆ. ನಸುಗೆಂಪು ದಟ್ಟ ಎಸಳು, ಒಳ್ಳೆಯ ವಾಸನೆ, ಬೇಸಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ. ಎಲೆ ಉದುರಿದ ಮೇಲೆ ಹಿಮದ ನಡುವೆ ಅದರ ಕೆಂಪು ಟೊಂಗೆ ನೋಡುವುದೇ ಒಂದು ಚೆಂದ. ಇದು ಹಳೆ ಟೊಂಗೆಯಲ್ಲೇ ಹೆಚ್ಚು ಹೂ ಬಿಡುತ್ತದೆ, ಆ ಟೊಂಗೆ ಚಳಿಗೆ ಸಾಯುವುದಿಲ್ಲ. ಆದ್ದರಿಂದ ನಮ್ಮ ಕಡೆಯಂತೆ ಬುಡಕ್ಕೆ ಕತ್ತರಿ ಹಾಕಬೇಡಿ, ಒಣಗಿದ್ದು ತೆಗೆದರೆ ಸಾಕು.

ವಾಸನೆಯೇ ಮುಖ್ಯ ಅಂದರೆ ರುಗೋಸಾ ಗುಂಪಿನ 'ಹನ್ಸಾ'. 1905ರ ಹಳೆಯ ಜಾತಿ, ನೇರಳೆ ಮಿಶ್ರಿತ ಕೆಂಪು, ಲವಂಗದ ಘಮ. ರುಗೋಸಾ ಮೂಲತಃ ಉತ್ತರ ಜಪಾನ್, ಕೊರಿಯಾ, ರಷ್ಯಾದ ಪೂರ್ವ ಕರಾವಳಿಯ ಗಿಡ. ಸುಕ್ಕು ಸುಕ್ಕು ಎಲೆ, ಮೈತುಂಬ ಮುಳ್ಳು. ಇದಕ್ಕೂ ತಕರಾರುಗಳಿವೆ. ಬೇರಿನಿಂದ ಸುತ್ತ ಮರಿ ಹಾಕುತ್ತಾ ಹಬ್ಬುತ್ತದೆ, ಪಕ್ಕದ ಮನೆಯ ಬೇಲಿಗೆ ತಾಗಿಸಿ ಹಚ್ಚಿದರೆ ಜಗಳ ಬರಬಹುದು. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಎಲೆ ಹಳದಿಯಾಗುತ್ತದೆ. ಇಲ್ಲಿ ನಾವು ಗಂಧಕ ಸಿಂಪಡಿಸುವ ಹಾಗೆ ಅದಕ್ಕೆ ಔಷಧಿ ಸಿಂಪಡಿಸಬೇಡಿ, ಎಲೆ ಸುಟ್ಟು ಉದುರುತ್ತದೆ. ಅದಕ್ಕೆ ಅಂಥ ಔಷಧಿ ಬೇಕಾಗುವುದೂ ಇಲ್ಲ.

ಕಾಂಪೌಂಡ್ ಮೇಲೆ ಹಬ್ಬುವಂಥದ್ದೇ ಬೇಕು ಅಂದರೆ 'ವಿಲಿಯಂ ಬ್ಯಾಫಿನ್' ಅಥವಾ 'ಜಾನ್ ಕ್ಯಾಬಟ್'. ಒಟ್ಟಾವಾದ ಸರ್ಕಾರಿ ಕೃಷಿ ಕೇಂದ್ರದಲ್ಲಿ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ ಬೆಳೆಸಿದ ತಳಿಗಳು ಇವು. ಅವರು ಗಿಡಗಳನ್ನು ಚಳಿಗಾಲದಲ್ಲಿ ಮುಚ್ಚದೆ ಬಯಲಲ್ಲೇ ಬಿಟ್ಟು, ಉಳಿದದ್ದನ್ನು ಆರಿಸುತ್ತಿದ್ದರು. ಕೆನಡಾಕ್ಕೆ ಬಂದ ಹಳೆಯ ನಾವಿಕರ, ಅನ್ವೇಷಕರ ಹೆಸರನ್ನು ಅವಕ್ಕೆ ಇಟ್ಟಿದ್ದಾರೆ. ಬ್ಯಾಫಿನ್ ಬಲು ಜೋರು ಗಿಡ, ಆದರೆ ವಾಸನೆ ತೀರಾ ಕಡಿಮೆ. ಕೆಟ್ಟ ಚಳಿ ಬಿದ್ದ ವರ್ಷ ಹಿಮದ ಮಟ್ಟದವರೆಗೆ ಒಣಗಿ ಮತ್ತೆ ಮೇಲೇಳುತ್ತದೆ. ದೇವರಿಗೆ ಹೂ ಏರಿಸುವ ಮನೆಯಲ್ಲಿ ವಾಸನೆಯಿಲ್ಲದ ಗುಲಾಬಿ ನನಗೆ ಅಷ್ಟು ಮನಸ್ಸಿಗೆ ಬರುವುದಿಲ್ಲ, ಅದಕ್ಕೇ ಅದನ್ನು ಮೂರನೇ ಸಾಲಿಗೆ ಹಾಕಿದ್ದೇನೆ.

ಯಾವುದೇ ತಗೊಳ್ಳಿ, ಅಂಗಡಿಯಲ್ಲಿ ಒಂದು ಮಾತು ಕೇಳಲೇಬೇಕು: ಇದು ಕಸಿ ಗಿಡವೋ, ತನ್ನದೇ ಬೇರಿನ ಗಿಡವೋ? ತನ್ನದೇ ಬೇರಿನದ್ದಾದರೆ ಮೇಲೆಲ್ಲ ಒಣಗಿದರೂ ಬುಡದಿಂದ ಅದೇ ಜಾತಿ ಬರುತ್ತದೆ. ಚೀಟಿಯಲ್ಲಿ ಜೋನ್ 2 ಅಥವಾ 3 ಅಂತ ಇರಬೇಕು. ಜೋನ್ ಅಂದರೆ ಗಿಡ ಎಷ್ಟು ಚಳಿ ತಡೆಯುತ್ತದೆ ಅನ್ನುವ ಅಂಕಿ, ಅದು ಚಿಕ್ಕದಾದಷ್ಟೂ ಹೆಚ್ಚು ಚಳಿ ತಡೆಯುತ್ತದೆ. 5 ಅಂತ ಇದ್ದರೆ ಎಷ್ಟೇ ಚೆಂದದ ಫೋಟೊ ಇದ್ದರೂ ಅಲ್ಲೇ ಇಟ್ಟು ಬನ್ನಿ.

ಮಗಳಿಗೆ ದೊಡ್ಡ ಹೂವಿನ ಹೈಬ್ರಿಡ್ ಟೀಯೇ ಬೇಕು ಅಂತ ಹಟ ಇದ್ದರೆ ದಾರಿ ಇಲ್ಲದಿಲ್ಲ, ಕೆಲಸ ಜಾಸ್ತಿ. ಹಚ್ಚುವಾಗ ಕಸಿಯ ಗಂಟು ಮಣ್ಣಿನಿಂದ ನಾಲ್ಕೈದು ಇಂಚು ಕೆಳಗೆ ಹೋಗಬೇಕು. ನಮ್ಮಲ್ಲಿ ಗಂಟು ಮಣ್ಣಿನ ಮೇಲೆ ಇರಬೇಕು ಅಂತ ಹೇಳುತ್ತೇವೆ, ಅಲ್ಲಿ ಉಲ್ಟಾ. ಅಕ್ಟೋಬರ್ ಕೊನೆಗೆ ನೆಲ ಹೆಪ್ಪುಗಟ್ಟಲು ಶುರುವಾದಾಗ ಬುಡಕ್ಕೆ ಒಂದು ಅಡಿ ಎತ್ತರ ಮಣ್ಣು ಏರಿಸಿ, ಅದರ ಮೇಲೆ ಒಣ ಎಲೆ. ಬೇಗ ಮುಚ್ಚಿದರೆ ಒಳಗೆ ಬೆಚ್ಚಗಾಗಿ ಕೊಳೆಯುತ್ತದೆ, ಇಲಿಗಳೂ ಗೂಡು ಮಾಡಿ ತೊಗಟೆ ತಿನ್ನುತ್ತವೆ. ಪ್ಲಾಸ್ಟಿಕ್ ಸುತ್ತಲೇಬಾರದು, ಬಿಸಿಲಿಗೆ ಒಳಗೆ ಕಾದು ರಾತ್ರಿ ಮತ್ತೆ ಗಡ್ಡೆ ಕಟ್ಟುತ್ತದೆ. ಗಾಳಿ ತಡೆಯಲು ಗೋಣಿ ತಾಟು ಸಾಕು. ಅಮೆರಿಕದ ಮಿನ್ನೆಸೋಟಾ ಕಡೆ ಪಕ್ಕದಲ್ಲಿ ತಗ್ಗು ತೋಡಿ, ಒಂದು ಬದಿಯ ಬೇರು ಸಡಿಲಿಸಿ, ಇಡೀ ಗಿಡವನ್ನು ಮಲಗಿಸಿ ಹೂತು, ವಸಂತದಲ್ಲಿ ಎತ್ತಿ ನಿಲ್ಲಿಸುತ್ತಾರೆ. ಚೆನ್ನಾಗಿ ಮಾಡಿದರೆ ಗಿಡ ಉಳಿಯುತ್ತದೆ. ಆದರೆ ಕೆಲಸಕ್ಕೆ ಹೋಗುವ ಹುಡುಗಿಗೆ ಪ್ರತಿ ವರ್ಷ ಆ ಶ್ರಮ ಆಗುತ್ತದಾ ಅಂತ ಕೇಳಿಕೊಳ್ಳಿ.

ಕುಂಡದಲ್ಲಿ ಬೆಳೆಸಿ ಚಳಿಗೆ ಮನೆಯೊಳಗೆ ತರುವುದು ಎಲ್ಲರಿಗೂ ಹೊಳೆಯುವ ಉಪಾಯ. ಹೀಟರ್ ಹಾಕಿದ ಮನೆಯ ಗಾಳಿ ಒಣ, ಬೆಳಕು ಕಡಿಮೆ, ನಿದ್ದೆಯೂ ಇಲ್ಲ. ಕೆಂಪು ನುಸಿ ಹತ್ತಿ ಜನವರಿಯೊಳಗೆ ಗಿಡ ಬೋಳಾಗುತ್ತದೆ. ಹೀಟರ್ ಇಲ್ಲದ, ಮನೆಗೆ ಅಂಟಿಕೊಂಡ ಗ್ಯಾರೇಜ್ ಇದ್ದರೆ ಅಲ್ಲಿ ಇಡಬಹುದು. ಸೊನ್ನೆಯ ಆಸುಪಾಸು ಇದ್ದರೆ ಒಳ್ಳೆಯದು. ತಿಂಗಳಿಗೊಮ್ಮೆ ಒಂದು ಚೊಂಬು ನೀರು. ಕುಂಡವನ್ನು ಹೊರಗೆ ಮಾತ್ರ ಬಿಡಬಾರದು. ಟೊಂಗೆಯಷ್ಟು ಚಳಿಯನ್ನು ಬೇರು ತಡೆಯುವುದಿಲ್ಲ, ಕುಂಡದಲ್ಲಿ ಚಳಿ ನಾಲ್ಕೂ ಕಡೆಯಿಂದ ಬೇರಿಗೆ ಹೊಡೆಯುತ್ತದೆ.

ನೀವು ಮೇಯಲ್ಲಿ ತಲುಪುವುದು ಒಳ್ಳೆಯದೇ ಆಯಿತು. ಮೇ ಕೊನೆಗೆ ಗಿಡ ಹಚ್ಚಿಸಿ. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಬೇಕು, ದಕ್ಷಿಣ ಅಥವಾ ಪೂರ್ವದ ಗೋಡೆಯ ಕಡೆ ಇರಲಿ. ನಮ್ಮ ಎರೆ ಮಣ್ಣಿನಂತೆ ಅಲ್ಲೂ ಅನೇಕ ಕಡೆ ಜಿಗಟು ಮಣ್ಣು, ನೀರು ನಿಂತರೆ ಕಾಂಪೋಸ್ಟ್ ಸೇರಿಸಿ ಸ್ವಲ್ಪ ಏರು ಮಾಡಿ ಹಚ್ಚಿ. ಹಳೆ ಗುಲಾಬಿ ಕಿತ್ತ ಗುಂಡಿಯಲ್ಲೇ ಹೊಸದು ಹಚ್ಚಬೇಡಿ, ಒಂದೆರಡು ಮಾರು ದೂರ ಇರಲಿ. ಅದೇ ಜಾಗದಲ್ಲಿ ಹಚ್ಚಿದ ಗುಲಾಬಿ ಬಹಳ ಸಲ ಏಳುವುದಿಲ್ಲ, ಬುಡದ ಗಿಡದ ಉಳಿದ ಬೇರೂ ಎದ್ದು ಬಂದು ಗೊಂದಲ ಮಾಡುತ್ತದೆ.

ಮುಂದಿನ ವಸಂತದಲ್ಲಿ ನೀವು ಅಲ್ಲಿ ಇರುವುದಿಲ್ಲ, ಆದ್ದರಿಂದ ಮಗಳಿಗೆ ಇದನ್ನು ಈಗಲೇ ತೋರಿಸಿ ಕೊಡಿ. ಏಪ್ರಿಲ್‌ನಲ್ಲಿ ಬಿಸಿಲು ಬಿತ್ತು ಅಂತ ಬುಡದ ಮುಚ್ಚಿಗೆ ಒಮ್ಮೆಲೇ ತೆಗೆಯಬಾರದು. ಸ್ವಲ್ಪ ಸ್ವಲ್ಪವಾಗಿ ತೆಗೆದು ಮೇ ಮೊದಲ ವಾರಕ್ಕೆ ಮುಗಿಸಲಿ. ಕಣ್ಣು ಉಬ್ಬಿದ ಮೇಲೆ ಟೊಂಗೆಯನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬರಲಿ. ಕತ್ತರಿಸಿದ ಜಾಗದ ನಡುವಿನ ತಿರುಳು ಕಂದು ಬಣ್ಣದ್ದಾದರೆ ಅಲ್ಲಿ ಜೀವ ಇಲ್ಲ, ಇನ್ನೂ ಕೆಳಗೆ ಹೋಗಬೇಕು. ತಿರುಳು ಹಾಲಿನ ಕೆನೆಯ ಬಣ್ಣ, ಸುತ್ತ ಹಸಿರು ಉಂಗುರ ಕಂಡಲ್ಲಿ ನಿಲ್ಲಿಸಲಿ. ನೆಲದವರೆಗೂ ಕಂದೇ ಇದ್ದರೂ ಗಿಡ ಕಿತ್ತು ಎಸೆಯಬಾರದು. ತನ್ನದೇ ಬೇರಿನ ಗುಲಾಬಿ ಕೆಲವೊಮ್ಮೆ ಜೂನ್‌ವರೆಗೂ ಸುಮ್ಮನಿದ್ದು ಚಿಗುರುತ್ತದೆ. ಜೂನ್ ಮಧ್ಯದವರೆಗೆ ಕಾಯಲಿ. ಅಷ್ಟಾದರೂ ಏನೂ ಬರದಿದ್ದರೆ ಬೇರು ಸತ್ತಿದೆ ಅಂತಲೇ ಅರ್ಥ, ಆಗ ಬೇರೆ ಗಿಡ ತರಲಿ.